ಏಳು ಮಂದಿಯ ಆಟ, ಹತ್ತು ಬಾಗಿಲಿನ ಅಲೆದಾಟ

ಮಳೆಗಾಲ ಮುಗಿದು ಅಂಗಳದಲ್ಲಿ ಅಡಿಕೆ ಒಣಗತೊಡಗಿದರೆ ನಮ್ಮ ಕಡೆ ಕಬಡ್ಡಿಯ ಕಾಲ ಬಂತೆಂದೇ ಅರ್ಥ. ಪುತ್ತೂರಿನ ಮಗ್ಗುಲಲ್ಲೇ ಇರುವ ನರಿಮೊಗರಿನ ಕಡೆ ಹೊರಟರೆ, ಮುಕ್ವೆಯಲ್ಲಾಗಲಿ ಪುರುಷರಕಟ್ಟೆಯಲ್ಲಾಗಲಿ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವ ಫ್ಲೆಕ್ಸ್‌ಗಳಲ್ಲಿ ಒಂದಾದರೂ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ’ದ್ದಾಗಿರುತ್ತದೆ. ಪ್ರವೇಶ ಶುಲ್ಕ ಎಷ್ಟು, ಪ್ರಥಮ ಬಹುಮಾನ ಎಷ್ಟು, ಯಾವ ತೂಕದ ವಿಭಾಗ, ಉದ್ಘಾಟನೆಗೆ ಯಾರು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಸಂಜೆಯಾಗುತ್ತಲೇ ಶಾಲೆಯ ಮೈದಾನದಲ್ಲೋ ಕೊಯ್ಲಾದ ಗದ್ದೆಯಲ್ಲೋ ಅಂಕಣ ಸಿದ್ಧ. ಪೂಜಾರಿಗಳ ಹುಡುಗ ದಾಳಿಗೆ ಹೋಗುತ್ತಾನೆ, ಬ್ಯಾರಿಗಳ ಹುಡುಗ ಅವನ ಕಾಲು ಹಿಡಿಯುತ್ತಾನೆ, ಗೌಡರ ಮನೆಯವರು ಕೊಟ್ಟ ಬೆಲ್ಲ ನೀರು ಎಲ್ಲರ ಬಾಯಿಗೂ ಬೀಳುತ್ತದೆ. ರಾತ್ರಿ ಎರಡು ಗಂಟೆಯಾದರೂ ಜನ ಕದಲುವುದಿಲ್ಲ.

ಇಷ್ಟು ಜೀವಂತವಾಗಿರುವ ಆಟ ಅಂಕಣದ ಗೆರೆ ದಾಟಿದ ಕೂಡಲೇ ಯಾಕೆ ಅನಾಥವಾಗುತ್ತದೆ ಎಂಬುದು ನಮ್ಮನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ.

ನಮಗೆ ಪರಿಚಯದ ಹುಡುಗನೊಬ್ಬನಿದ್ದಾನೆ. ಅವನ ಬಳಿ ಪ್ಲಾಸ್ಟಿಕ್ ಫೈಲಿನಲ್ಲಿ ಜೋಪಾನವಾಗಿಟ್ಟ ಇಪ್ಪತ್ತಕ್ಕೂ ಹೆಚ್ಚು ಪ್ರಮಾಣಪತ್ರಗಳಿವೆ. ಶಾಲೆಯಿಂದ ರಾಜ್ಯ ಮಟ್ಟದವರೆಗೆ ಆಡಿದ್ದಾನೆ. ಊರೂರು ಸುತ್ತಿ ಯುವಕ ಮಂಡಲಗಳ ಪಂದ್ಯಾಟಗಳಲ್ಲಿ ‘ಉತ್ತಮ ದಾಳಿಗಾರ’ನಾಗಿ ಟಿ.ವಿ., ಸೈಕಲ್ ಗೆದ್ದಿದ್ದಾನೆ. ಕ್ರೀಡಾ ಕೋಟಾದಲ್ಲಿ ಕೇಂದ್ರ ಸರಕಾರದ ಒಂದು ನೌಕರಿಗೆ ಅರ್ಜಿ ಹಾಕಲು ಹೊರಟಾಗ ಆ ಫೈಲಿನ ಒಂದು ಹಾಳೆಯೂ ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬರಬಹುದಾಗಿದ್ದ ಒಂದೇ ಒಂದು ಅವಕಾಶ, ಅಂದರೆ ರಾಜ್ಯ ತಂಡಕ್ಕೆ ದಾರಿ ಮಾಡಿಕೊಡುವ ಆಯ್ಕೆ ಪ್ರಕ್ರಿಯೆ, ಅವನ ಕಾಲೇಜಿನ ಪಂದ್ಯಾಟವಿದ್ದ ದಿನವೇ ಬೇರೊಂದು ಊರಿನಲ್ಲಿ ನಡೆದಿತ್ತು. ಕಾಲೇಜಿಗೆ ಹೋಗದಿದ್ದರೆ ಶುಲ್ಕದ ರಿಯಾಯಿತಿ ಹೋಗುತ್ತದೆ, ಆಯ್ಕೆಗೆ ಹೋಗದಿದ್ದರೆ ಭವಿಷ್ಯ ಹೋಗುತ್ತದೆ. ಬಡವರ ಮನೆಯ ಹುಡುಗ ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಹೇಳಬೇಕಾಗಿಲ್ಲ.

ಇದರಲ್ಲಿ ಯಾರೊಬ್ಬರ ದುರುದ್ದೇಶವೂ ಇರಲಿಲ್ಲ. ಕಾಲೇಜು ತನ್ನ ಕೆಲಸ ಮಾಡಿತ್ತು, ಸಂಘಟನೆ ತನ್ನ ಕೆಲಸ ಮಾಡಿತ್ತು. ಒಬ್ಬರು ಇನ್ನೊಬ್ಬರನ್ನು ಒಂದು ಮಾತು ಕೇಳಿರಲಿಲ್ಲ, ಅಷ್ಟೇ. ನಮ್ಮ ದೇಶದ ಕ್ರೀಡಾ ವ್ಯವಸ್ಥೆಯ ರೋಗ ಇರುವುದು ಈ ‘ಅಷ್ಟೇ’ಯಲ್ಲಿ.

ಯಾರ ಮಗು ಈ ಆಟಗಾರ?

ನರಿಮೊಗರಿನಂಥ ಗ್ರಾಮದ ಒಂದು ಮಗು ಕಬಡ್ಡಿ ಆಡತೊಡಗಿದರೆ ಅದು ಎಷ್ಟು ಜನರ ಕೈಗೆ ಸಿಗುತ್ತದೆಂದು ಒಮ್ಮೆ ಲೆಕ್ಕ ಹಾಕೋಣ. ಶಾಲೆಯಲ್ಲಿರುವಷ್ಟು ದಿನ ಅದು ಶಿಕ್ಷಣ ಇಲಾಖೆಯದು. ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಏಣಿ ಅಲ್ಲಿದೆ. ಅದರ ತುದಿಯಲ್ಲಿರುವುದು 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ. ಪಿ.ಯು.ಸಿ.ಗೆ ಬಂದರೆ ಏಣಿ ಬೇರೆ. ಪದವಿಗೆ ಬಂದರೆ ವಿಶ್ವವಿದ್ಯಾನಿಲಯ, ಅದರ ಮೇಲೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ದಸರಾ ಕ್ರೀಡಾಕೂಟಕ್ಕೆ ಹೋದರೆ ಅದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ‘ಖೇಲೋ ಇಂಡಿಯಾ’ಕ್ಕೆ ಆಯ್ಕೆಯಾದರೆ ಕೇಂದ್ರದ್ದು, 1984ರಲ್ಲಿ ಸ್ಥಾಪನೆಯಾದ ಭಾರತೀಯ ಕ್ರೀಡಾ ಪ್ರಾಧಿಕಾರದ್ದು. ಆದರೆ ದೇಶದ ತಂಡಕ್ಕೆ ಆಯ್ಕೆ ಮಾಡುವವರು ಇವರಾರೂ ಅಲ್ಲ. ಅದು ಅಮೆಚೂರ್ ಕಬಡ್ಡಿ ಫೆಡರೇಶನ್ ಮತ್ತು ಅದರ ಕೆಳಗಿನ ರಾಜ್ಯ, ಜಿಲ್ಲಾ ಸಂಸ್ಥೆಗಳ ಅಧಿಕಾರ. ಇವೆಲ್ಲದರ ಹೊರಗೆ, ಯಾರ ಲೆಕ್ಕಕ್ಕೂ ಸಿಗದೆ, ಊರಿನ ಯುವಕ ಮಂಡಲವಿದೆ. ಮಗುವಿಗೆ ಮೊದಲು ಆಟ ಕಲಿಸಿದ್ದು ಅದೇ.

ವಯಸ್ಸಿನ ಲೆಕ್ಕವೂ ಒಂದೇ ಇಲ್ಲ. ಶಾಲಾ ಒಕ್ಕೂಟದವರು 14, 17, 19 ಎಂದು ವಿಭಾಗ ಮಾಡಿದರೆ, ಫೆಡರೇಶನ್ನಿನ ಸಬ್‌ಜೂನಿಯರ್ 16ಕ್ಕೆ, ಜೂನಿಯರ್ 20ಕ್ಕೆ ನಿಲ್ಲುತ್ತದೆ. ಒಂದು ಕಡೆ ಹಿರಿಯನಾದವನು ಇನ್ನೊಂದು ಕಡೆ ಕಿರಿಯ. ಕೇಂದ್ರ ಸರಕಾರದ ನೇಮಕಾತಿಗೆ ಬೇಕಾದ ಕ್ರೀಡಾ ಪ್ರಮಾಣಪತ್ರಗಳಿಗೂ ಬೇರೆ ಬೇರೆ ನಮೂನೆಗಳಿವೆ. ದೇಶವನ್ನು ಪ್ರತಿನಿಧಿಸಿದವರಿಗೆ ಒಂದು, ರಾಜ್ಯವನ್ನು ಪ್ರತಿನಿಧಿಸಿದವರಿಗೆ ಒಂದು, ವಿಶ್ವವಿದ್ಯಾನಿಲಯಕ್ಕೆ ಮತ್ತೊಂದು, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಇನ್ನೊಂದು. ಒಂದೊಂದಕ್ಕೂ ಸಹಿ ಹಾಕುವ ಅಧಿಕಾರಿ ಬೇರೆ. ಹಳ್ಳಿಯ ಹುಡುಗನಿಗೆ ಈ ವ್ಯತ್ಯಾಸ ತಿಳಿಯುವುದು ಅರ್ಜಿ ಹಾಕುವ ದಿನ. ಆಗ ಅವನ ಆಡುವ ವಯಸ್ಸು ದಾಟಿರುತ್ತದೆ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕ್ರೀಡೆ ರಾಜ್ಯಪಟ್ಟಿಯ 33ನೆಯ ಬಾಬ್ತು. ಅಂದರೆ ಅದು ರಾಜ್ಯದ ಹೊಣೆ. ದೊಡ್ಡ ಯೋಜನೆಗಳ ಹಣ ಬರುವುದು ಕೇಂದ್ರದಿಂದ. ಆಯ್ಕೆಯ ಅಧಿಕಾರ ಖಾಸಗಿಯಾಗಿ ನೋಂದಣಿಯಾದ ಸಂಘಗಳದ್ದು. ಮೈದಾನ ಶಾಲೆಯದು. ಬೆವರು ಮಾತ್ರ ಹುಡುಗನದು. ಹೀಗೆ ಹಂಚಿಹೋದ ಕೆಲಸವನ್ನು ಸೇರಿಸಿ ಹೊಲಿಯುವ ದಾರ ಎಲ್ಲೂ ಕಾಣುವುದಿಲ್ಲ.

ತಲೆ ಜಗಳಾಡಿದರೆ ಕಾಲಿಗೆ ಪೆಟ್ಟು

ಮೇಲಿನವರು ಸರಿಯಿದ್ದಿದ್ದರೆ ಕೆಳಗಿನ ಗೊಂದಲವನ್ನು ಹೇಗೋ ಸಹಿಸಬಹುದಿತ್ತು. ಕಬಡ್ಡಿಯ ಮೇಲ್ಮನೆಯ ಕತೆ ಬೇರೆಯೇ ಇದೆ. ಜನಾರ್ದನ ಸಿಂಗ್ ಗೆಹ್ಲೋಟ್ 1984ರಿಂದ 2013ರವರೆಗೆ ರಾಷ್ಟ್ರೀಯ ಫೆಡರೇಶನ್ನಿನ ಅಧ್ಯಕ್ಷರಾಗಿದ್ದರು. ಆಮೇಲೆ ಅವರ ಪತ್ನಿ ಅಧ್ಯಕ್ಷರಾದರು, ಅವರು ‘ಆಜೀವ ಅಧ್ಯಕ್ಷ’ರಾದರು. ಗೆಹ್ಲೋಟ್ ಕಬಡ್ಡಿಗೆ ಏನೂ ಮಾಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್‌ನಲ್ಲಿ ಜಗತ್ತಿಗೆ ತೋರಿಸಿ ಬಂದಿದ್ದ ಆಟ 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಸೇರಿದ್ದು ಅವರ ಕಾಲದಲ್ಲೇ. ಆದರೆ ಒಂದು ಸಂಸ್ಥೆಯನ್ನು ಕಟ್ಟುವುದು ಬೇರೆ, ಅದನ್ನು ಮನೆಯ ಆಸ್ತಿಯಂತೆ ಇಟ್ಟುಕೊಳ್ಳುವುದು ಬೇರೆ. 2018ರ ಆಗಸ್ಟ್‌ನಲ್ಲಿ ದಿಲ್ಲಿ ಹೈಕೋರ್ಟು ಈ ಏರ್ಪಾಡನ್ನು ರದ್ದುಪಡಿಸಿ ಆಡಳಿತಾಧಿಕಾರಿಯನ್ನು ನೇಮಿಸಿತು.

ಅದೇ ಸಮಯದಲ್ಲಿ ಆಯ್ಕೆಯ ಕುರಿತ ದೂರು ಕೂಡ ನ್ಯಾಯಾಲಯದ ಮುಂದಿತ್ತು. ಏಷ್ಯನ್ ಗೇಮ್ಸ್ ಮುಗಿದ ಮೇಲೆ, ತಂಡಕ್ಕೆ ಆಯ್ಕೆಯಾದವರಿಗೂ ಆಯ್ಕೆಯಾಗದವರಿಗೂ ಪಂದ್ಯ ಏರ್ಪಡಿಸಿ ಎಂದು ನ್ಯಾಯಾಲಯ ಹೇಳಿತು. 2018ರ ಸೆಪ್ಟೆಂಬರ್ 15ರಂದು ದಿಲ್ಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ಅಂಕಣ ಸಿದ್ಧವಾಯಿತು. ಆಯ್ಕೆಯಾಗದವರು ಬಂದರು, ಆಯ್ಕೆಯಾದವರು ಬರಲಿಲ್ಲ. ಎದುರು ತಂಡವಿಲ್ಲದ ಕಬಡ್ಡಿ! ನಮ್ಮ ಕ್ರೀಡಾಡಳಿತದ ಚಿತ್ರವನ್ನು ಇದಕ್ಕಿಂತ ಚೆನ್ನಾಗಿ ಯಾವ ವ್ಯಂಗ್ಯಚಿತ್ರಕಾರನೂ ಬರೆಯಲಾರ.

ಆ ವರ್ಷ ಜಕಾರ್ತಾದಲ್ಲಿ ಏನಾಯಿತೆಂಬುದೂ ನೆನಪಿರಬೇಕು. ಅಲ್ಲಿಯವರೆಗಿನ ಏಳು ಏಷ್ಯನ್ ಗೇಮ್ಸ್‌ಗಳಲ್ಲೂ ಚಿನ್ನ ಗೆದ್ದಿದ್ದ ಭಾರತದ ಪುರುಷರು ಸೆಮಿಫೈನಲಿನಲ್ಲಿ ಇರಾನಿಗೆ 27-18ರಿಂದ ಸೋತರು. ಮಹಿಳೆಯರು ಫೈನಲಿನಲ್ಲಿ 27-24ರಿಂದ ಸೋತದ್ದೂ ಇರಾನಿಗೇ. ಆ ಇರಾನಿ ಹುಡುಗಿಯರನ್ನು ತರಬೇತುಗೊಳಿಸಿದವರು ನಾಸಿಕದ ಶೈಲಜಾ ಜೈನ್. ನಮ್ಮ ಮನೆಯ ವಿದ್ಯೆ ಪಕ್ಕದ ಮನೆಯಲ್ಲಿ ದೀಪವಾಯಿತು. ನಮ್ಮವರು ಆಗ ಕಚೇರಿಯ ಕುರ್ಚಿ ಹಿಡಿದು ಜಗ್ಗಾಡುತ್ತಿದ್ದರು.

ಮುಂದಿನದ್ದು ಇನ್ನೂ ವಿಚಿತ್ರ. ಇದರ ನಡುವೆಯೇ ‘ನ್ಯೂ ಕಬಡ್ಡಿ ಫೆಡರೇಶನ್’ ಎಂಬ ಇನ್ನೊಂದು ಸಂಸ್ಥೆ ಬಂತು. ಅದರದೇ ಲೀಗು 2019ರಲ್ಲಿ ಪುಣೆ, ಮೈಸೂರು, ಬೆಂಗಳೂರುಗಳಲ್ಲಿ ನಡೆಯಿತು. ಆಡಳಿತಾಧಿಕಾರಿಯ ಕಾಲ ಆರು ವರ್ಷ ದಾಟಿತು. 2023ರ ಡಿಸೆಂಬರಿನಲ್ಲಿ ಚುನಾವಣೆಯಾದರೂ ಆಯ್ಕೆಯಾದವರ ಕೈಗೆ ಅಧಿಕಾರ ಬರಲಿಲ್ಲ. ಚುನಾಯಿತ ಸಮಿತಿ ಇಲ್ಲವೆಂಬ ಕಾರಣಕ್ಕೆ ಅಂತಾರಾಷ್ಟ್ರೀಯ ಒಕ್ಕೂಟ ಭಾರತದ ಮಾನ್ಯತೆಯನ್ನೇ ಅಮಾನತಿನಲ್ಲಿಟ್ಟಿತು. ಕೊನೆಗೆ ಏಷ್ಯನ್ ಚಾಂಪಿಯನ್‌ಶಿಪ್‌ಗೆ ಹೋಗಲಾಗದ ಸ್ಥಿತಿ ಬಂದಾಗ ಇಬ್ಬರು ಆಟಗಾರ್ತಿಯರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2025ರ ಫೆಬ್ರವರಿಯಲ್ಲಿ ನ್ಯಾಯಾಲಯ ಅಧಿಕಾರವನ್ನು ಚುನಾಯಿತ ಸಮಿತಿಗೆ ಹಸ್ತಾಂತರಿಸಲು ಆದೇಶಿಸಿತು. ಮಾರ್ಚ್‌ನಲ್ಲಿ ನಮ್ಮ ಹೆಣ್ಣು ಮಕ್ಕಳು ಟೆಹರಾನಿಗೆ ಹೋಗಿ ಏಷ್ಯನ್ ಪ್ರಶಸ್ತಿ ಗೆದ್ದು ಬಂದರು.

ಆಡಲು ಬಿಟ್ಟರೆ ಗೆಲ್ಲುತ್ತೇವೆ ಎಂದು ಆಟಗಾರರು ತೋರಿಸಿಕೊಟ್ಟಿದ್ದಾರೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರಲ್ಲಿ ಎರಡೂ ಚಿನ್ನ ಬಂದದ್ದು ಚುನಾಯಿತ ಆಡಳಿತವೇ ಇಲ್ಲದ ಕಾಲದಲ್ಲಿ. ಹಾಗಾದರೆ ಈ ಸಂಸ್ಥೆಗಳು ಇರುವುದು ಯಾರಿಗಾಗಿ?

ಇದು ಕಬಡ್ಡಿಯ ಶಾಪವೊಂದೇ ಅಲ್ಲ. 2012ರ ಡಿಸೆಂಬರಿನಿಂದ 2014ರ ಫೆಬ್ರವರಿಯವರೆಗೆ ಭಾರತೀಯ ಒಲಿಂಪಿಕ್ ಸಂಸ್ಥೆಯೇ ಅಮಾನತಿನಲ್ಲಿತ್ತು. 2022ರ ಆಗಸ್ಟ್‌ನಲ್ಲಿ ಫುಟ್ಬಾಲ್ ಫೆಡರೇಶನ್ ಅಮಾನತಾಯಿತು. 2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟು ಹೆಣ್ಣುಮಕ್ಕಳು ದಿಲ್ಲಿಯ ಬೀದಿಯಲ್ಲಿ ಕೂರಬೇಕಾಯಿತು.

ಕಾಯ್ದೆಯನ್ನು ಓದುವಾಗ

ಈ ಹಿನ್ನೆಲೆಯಲ್ಲಿ ‘ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ, 2025’ ಬಂದಿದೆ. ಆ ವರ್ಷದ ಆಗಸ್ಟ್‌ನಲ್ಲಿ ಸಂಸತ್ತಿನ ಎರಡೂ ಸದನಗಳು ಅದಕ್ಕೆ ಒಪ್ಪಿಗೆ ನೀಡಿದವು. ಮೊದಲಿದ್ದ 2011ರ ಕ್ರೀಡಾ ಸಂಹಿತೆ ಸರಕಾರದ ಆದೇಶ ಮಾತ್ರ, ಇದು ಶಾಸನ. ಒಂದು ಕೃತಿಯನ್ನು ಓದುವಂತೆ ನಾವು ಇದನ್ನು ಓದಿದೆವು.

ಮೆಚ್ಚಬೇಕಾದ್ದು ಇದೆ. ರಾಷ್ಟ್ರೀಯ ಕ್ರೀಡಾ ಮಂಡಳಿಯೊಂದು ಫೆಡರೇಶನ್ನುಗಳಿಗೆ ಮಾನ್ಯತೆ ಕೊಡುತ್ತದೆ, ಅವುಗಳ ಅಂಗಸಂಸ್ಥೆಗಳನ್ನು ನೋಂದಾಯಿಸುತ್ತದೆ. ಹದಿನೈದು ಮಂದಿ ಮೀರದ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಕನಿಷ್ಠ ಇಬ್ಬರು ಸಾಧಕ ಆಟಗಾರರು ಇರಲೇಬೇಕು. ಆಟಗಾರರದೇ ಸಮಿತಿ ಇರಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು. ಚುನಾವಣೆಯ ಮೇಲ್ವಿಚಾರಣೆಗೆ ಬೇರೆ ಮಂಡಲಿ, ವಿವಾದಗಳಿಗೆ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ. ಅಲ್ಲಿಂದ ಮೇಲ್ಮನವಿ ಸುಪ್ರೀಂ ಕೋರ್ಟಿಗೆ. ಈ ನಿಯಮಗಳು 2018ರಲ್ಲೇ ಇದ್ದಿದ್ದರೆ ಕಬಡ್ಡಿ ಅಷ್ಟು ವರ್ಷ ನ್ಯಾಯಾಲಯದ ಜಗಲಿಯಲ್ಲಿ ಕೂರಬೇಕಾಗಿರಲಿಲ್ಲವೇನೋ.

ಆದರೆ ಈ ಕೃತಿಯ ಪಾತ್ರಗಳು ಯಾರು? ಮಂಡಳಿ, ಫೆಡರೇಶನ್, ಒಲಿಂಪಿಕ್ ಸಮಿತಿ, ನ್ಯಾಯಮಂಡಳಿ. ಎಲ್ಲರೂ ಮೇಲಂತಸ್ತಿನವರು. ಶಾಲೆ, ಪಂಚಾಯತ್, ಊರಿನ ಕ್ಲಬ್ಬು, ಪೀಟಿ ಮಾಸ್ಟ್ರು ಇವರೆಲ್ಲ ಕತೆಯೊಳಗೆ ಬರುವುದೇ ಇಲ್ಲ. ಶಾಲಾ ಪಂದ್ಯಾಟದ ದಿನವೇ ಆಯ್ಕೆ ಇಡಬೇಡಿ ಎಂದು ಹೇಳಲು ನರಿಮೊಗರಿನ ಹುಡುಗ ದಿಲ್ಲಿಗೆ ರೈಲು ಹತ್ತಬೇಕೇ? ಮಸೂದೆಯನ್ನು ಅಂಗೀಕರಿಸುವ ಹೊತ್ತಿಗೆ, ಮಾಹಿತಿ ಹಕ್ಕು ಸರಕಾರದ ಹಣಕಾಸಿನ ನೆರವು ಪಡೆಯುವ ಸಂಸ್ಥೆಗಳಿಗೆ ಮಾತ್ರ ಅನ್ವಯ ಎಂಬ ತಿದ್ದುಪಡಿಯೂ ಸೇರಿಕೊಂಡಿತು. ಹಣವಂತ ಸಂಸ್ಥೆಗಳು ಹೊರಗುಳಿದವು. ಜಗಳವಾದ ಮೇಲೆ ತೀರ್ಪು ಕೊಡುವುದನ್ನು ಈ ಕಾಯ್ದೆ ಚೆನ್ನಾಗಿ ಬಲ್ಲದು. ಜಗಳವಿಲ್ಲದ ದಿನಗಳಲ್ಲಿ ಒಟ್ಟಿಗೆ ಕೆಲಸ ಮಾಡಿಸುವುದು ಹೇಗೆಂಬ ವಿಚಾರದಲ್ಲಿ ಅದು ಬಹುಮಟ್ಟಿಗೆ ಮೌನಿ.

ಜರ್ಮನಿಯ ಕ್ರಮ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಊರೂರಿನ ಕ್ರೀಡಾ ಸಂಘವೇ ಅಡಿಪಾಯ. ಸುಮಾರು 86 ಸಾವಿರ ಸಂಘಗಳು ಪ್ರಾಂತೀಯ ಒಕ್ಕೂಟಗಳ ಮೂಲಕವೂ ಆಯಾ ಆಟದ ಒಕ್ಕೂಟಗಳ ಮೂಲಕವೂ ಮೇಲಿನ ಸಂಸ್ಥೆಗೆ ಜೋಡಿಕೊಂಡಿವೆ. ಎರಡು ದೊಡ್ಡ ಸಂಸ್ಥೆಗಳು, ಅಂದರೆ ಕ್ರೀಡಾ ಒಕ್ಕೂಟ ಮತ್ತು ಒಲಿಂಪಿಕ್ ಸಮಿತಿ, ಬೇರೆ ಬೇರೆಯಾಗಿದ್ದರೆ ಕೆಲಸ ಕೆಡುತ್ತದೆಂದು 2006ರಲ್ಲಿ ತಾವಾಗಿಯೇ ಒಂದಾದವು. ಅಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಊರಿನ ಸಂಘಕ್ಕೆ ಅಲ್ಲಿ ವಿಳಾಸವಿದೆ. ನಮ್ಮ ಯುವಕ ಮಂಡಲಕ್ಕೆ ಫ್ಲೆಕ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ವಿಳಾಸವಿಲ್ಲ.

ದುಡ್ಡಿನ ಆಟ, ದುಡಿಮೆಯ ಆಟ

ಪ್ರೊ ಕಬಡ್ಡಿ 2014ರಲ್ಲಿ ಬಂದಾಗ ಹಲವರು ಮೂಗು ಮುರಿದರು. ಮಣ್ಣಿನ ಆಟವನ್ನು ಮಾರಿದರೆಂದರು. ನಾವು ಆ ಗುಂಪಿಗೆ ಸೇರುವುದಿಲ್ಲ. ಪುತ್ತೂರು ಸಮೀಪದ ಕೈಕಾರದ ಪ್ರಶಾಂತ್ ಕುಮಾರ್ ರೈ ಪಾಟ್ನಾ ಪೈರೇಟ್ಸ್ ತಂಡದ ನಾಯಕನಾಗಿ 2022ರ ಫೈನಲಿನವರೆಗೆ ಹೋಗಿ, ದಬಂಗ್ ಡೆಲ್ಲಿ ತಂಡಕ್ಕೆ ಒಂದೇ ಅಂಕದಿಂದ ಸೋತಾಗ ಈ ಊರುಗಳೆಲ್ಲ ಒಟ್ಟಾಗಿ ನಿಟ್ಟುಸಿರು ಬಿಟ್ಟಿದ್ದವು. ಕಬಡ್ಡಿ ಆಡಿ ಬದುಕಬಹುದೆಂದು ತಾಯಂದಿರಿಗೆ ನಂಬಿಕೆ ಬಂದದ್ದು ಆ ಲೀಗಿನಿಂದ. ಆದರೆ ಲೀಗು ಹಣ್ಣು ಕೊಯ್ಯುತ್ತದೆ, ಬುಡಕ್ಕೆ ನೀರು ಹಾಕುವವರು ಬೇರೆ. ಕೊಯ್ದವರು ಬುಡಕ್ಕೆ ಒಂದು ಕೊಡ ನೀರನ್ನಾದರೂ ತರಬೇಡವೇ?

ಸಂಸ್ಥೆಗಳು ಕೈಜೋಡಿಸಿದರೆ ಏನಾಗುತ್ತದೆಂಬುದಕ್ಕೆ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿಯವರನ್ನು ನೋಡಬೇಕು. ರೈತ ಕುಟುಂಬದ ಹುಡುಗಿ. ಹಳ್ಳಿಯ ಆಟ ಅವಳನ್ನು ಬೆಳೆಸಿತು, ಓದಿನ ಜೊತೆ ಆಟ ಮುಂದುವರಿಯಿತು, ರೈಲ್ವೆ ಕೆಲಸ ಕೊಟ್ಟು ಆಡಲು ಬಿಟ್ಟಿತು. ಭಾರತ ತಂಡದ ನಾಯಕಿಯಾಗಿ 2012ರಲ್ಲಿ ವಿಶ್ವಕಪ್ ಎತ್ತಿದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಒಂದು ಕೈ ಬಿಡುವ ಮೊದಲೇ ಇನ್ನೊಂದು ಕೈ ಹಿಡಿದುಕೊಂಡ ಕಾರಣ ಆ ಹುಡುಗಿ ಕೆಳಗೆ ಬೀಳಲಿಲ್ಲ. ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. ಅದೃಷ್ಟದ ಮೇಲೆ ನಿಂತದ್ದನ್ನು ವ್ಯವಸ್ಥೆಯೆಂದು ಕರೆಯಲೂ ಆಗುವುದಿಲ್ಲ.

ನಮ್ಮ ಮನೆಯ ಕಸ

ಮೇಲಿನವರನ್ನು ಬೈದು ಕೈ ತೊಳೆದುಕೊಂಡರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ನಾವೇನು ಮಾಡುತ್ತಿದ್ದೇವೆ? ಇತ್ತೀಚಿನ ವರ್ಷಗಳಲ್ಲಿ ಜಿಲ್ಲೆಯಲ್ಲಿ ಸಮುದಾಯವಾರು ಪಂದ್ಯಾಟಗಳ ಸುಗ್ಗಿ. ಬಂಟರಿಗೆ ಬೇರೆ, ಬಿಲ್ಲವರಿಗೆ ಬೇರೆ, ಗೌಡರಿಗೆ ಬೇರೆ, ಬ್ಯಾರಿಗಳಿಗೆ ಬೇರೆ. ಸಂಘಟಕರಿಗೆ ತಮ್ಮವರನ್ನು ಒಟ್ಟುಗೂಡಿಸುವ ಉದ್ದೇಶವಿರಬಹುದು, ರೋಗಿಯೊಬ್ಬನ ಚಿಕಿತ್ಸೆಗೆ ಹಣ ಸಂಗ್ರಹಿಸುವ ಒಳ್ಳೆಯ ಉದ್ದೇಶವೂ ಇರಬಹುದು. ಆದರೆ ಏಳು ಮಂದಿಯ ತಂಡಕ್ಕೆ ಊರಿನ ಒಳ್ಳೆಯ ಏಳು ಮಂದಿಯನ್ನು ಆರಿಸುತ್ತಿದ್ದ ಕಾಲ ಹೋಗಿ, ಜಾತಿಯ ಒಳಗಿನಿಂದ ಏಳು ಮಂದಿಯನ್ನು ಹುಡುಕುವ ಕಾಲ ಬಂದರೆ, ಸೋಲುವುದು ಆಟ ಮಾತ್ರವಲ್ಲ. ಕಾಲು ಹಿಡಿದು ಕೆಡವಿದ ಮೇಲೆ ಕೈ ಕೊಟ್ಟು ಎಬ್ಬಿಸುವ ಪಾಠವನ್ನು ನಮ್ಮ ಮಕ್ಕಳು ಕಲಿತದ್ದು ಈ ಅಂಕಣಗಳಲ್ಲಿ. ಅದೂ ಹೋಳಾದರೆ ಅವರು ಒಬ್ಬರನ್ನೊಬ್ಬರು ಮುಟ್ಟುವ ಜಾಗ ಇನ್ನೆಲ್ಲಿದೆ? ಸರಕಾರದ ಇಲಾಖೆಗಳು ಒಂದಾಗಲಿ ಎಂದು ಕೇಳುವ ನಾವು ನಮ್ಮ ಬೇಲಿಗಳನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದರೆ, ಆ ಬೇಡಿಕೆಗೆ ನೈತಿಕ ಬಲ ಎಲ್ಲಿಂದ ಬರಬೇಕು?

ಇನ್ನೊಂದು ಮಾತು, ನಮ್ಮ ಸಮುದಾಯದ ಹಿರಿಯರಿಗೆ. ಹೆಣ್ಣು ಮಕ್ಕಳ ಆಟದ ಮಾತು ಬಂದಾಗಲೆಲ್ಲ ಉಡುಪಿನ ಪ್ರಶ್ನೆ ಎದ್ದು ಮಾತು ಅಲ್ಲಿಗೇ ನಿಲ್ಲುತ್ತದೆ. 2018ರಲ್ಲಿ ಭಾರತವನ್ನು ಸೋಲಿಸಿ ಚಿನ್ನ ಗೆದ್ದ ಇರಾನಿ ಹುಡುಗಿಯರು ತಲೆಗೆ ಬಟ್ಟೆ ಕಟ್ಟಿಕೊಂಡೇ ಆಡಿದ್ದರು. ಅಡ್ಡಿ ಇರುವುದು ಬಟ್ಟೆಯಲ್ಲೋ ನಮ್ಮ ಮನಸ್ಸಿನಲ್ಲೋ ಎಂದು ಒಮ್ಮೆ ಕೇಳಿಕೊಳ್ಳಬಾರದೇ? ಹಾಗೆಯೇ ಸಂಘಟಕರೂ, ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗಿ ಅಂಕಣಕ್ಕೆ ಬಂದರೆ ಗೌರವದಿಂದ ಬರಮಾಡಿಕೊಳ್ಳಲು ಸಿದ್ಧರಿದ್ದಾರೆಯೇ?

ದೊಡ್ಡ ಯೋಜನೆ ಬೇಡ

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಜಿಲ್ಲೆಯ ಮಟ್ಟದಲ್ಲಿ ಶಿಕ್ಷಣ ಇಲಾಖೆ, ಪದವಿಪೂರ್ವ ಇಲಾಖೆ, ವಿಶ್ವವಿದ್ಯಾನಿಲಯ, ಕ್ರೀಡಾ ಇಲಾಖೆ ಮತ್ತು ಕಬಡ್ಡಿ ಸಂಸ್ಥೆಯವರು ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಒಂದು ಮೇಜಿನ ಸುತ್ತ ಕೂರಲಿ. ಆಯ್ಕೆಗಳು ಮತ್ತು ಪಂದ್ಯಾಟಗಳು ಒಂದರ ಮೇಲೊಂದು ಬೀಳದಂತೆ ಒಂದೇ ದಿನದರ್ಶಿ ಮಾಡಲಿ. ಅದನ್ನು ಪ್ರತಿ ಶಾಲೆಯ ಗೋಡೆಗೂ ಪ್ರತಿ ಪಂಚಾಯತಿನ ಫಲಕಕ್ಕೂ ಅಂಟಿಸಲಿ. ಯಾವ ಪ್ರಮಾಣಪತ್ರ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಮಕ್ಕಳ ಕೈಗೆ ಕೊಡಲಿ. ಗ್ರಾಮದ ಯುವಕ ಮಂಡಲಗಳಿಗೆ ಕಡಿಮೆ ಶುಲ್ಕದಲ್ಲಿ ಸದಸ್ಯತ್ವವನ್ನೂ ಜಿಲ್ಲಾ ಸಭೆಯಲ್ಲಿ ಒಂದು ಮಾತನ್ನೂ ಕೊಡಲಿ. ಮಂಡಲಗಳೂ ತಮ್ಮ ಕಡೆಯಿಂದ, ಬಹುಮಾನದ ಮೊತ್ತದಲ್ಲಿ ಒಂದಂಶವನ್ನು ಗಾಯಾಳು ಆಟಗಾರರ ಚಿಕಿತ್ಸೆಗೆ ತೆಗೆದಿಡಲಿ, ತಂಡಕ್ಕೆ ಜಾತಿ ನೋಡದೆ ಆಟಗಾರನನ್ನು ಸೇರಿಸಲಿ. ಇವಿಷ್ಟಕ್ಕೆ ಕಾಯ್ದೆಯೂ ಬೇಡ, ನ್ಯಾಯಮಂಡಳಿಯೂ ಬೇಡ. ಬೇಕಾಗಿರುವುದು ಪಕ್ಕದವನನ್ನು ಒಂದು ಮಾತು ಕೇಳುವ ಸೌಜನ್ಯ.

ಕಬಡ್ಡಿ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾಳಿಗಾರ ಒಳಗೆ ಬಂದಾಗ ಹಿಡಿಯುವವರು ಕೈಕೈ ಹಿಡಿದು ಸರಪಳಿ ಕಟ್ಟುತ್ತಾರೆ. ಎಷ್ಟೇ ಬಲಶಾಲಿಯಾದರೂ ಒಂಟಿಯಾಗಿ ನುಗ್ಗಿದವನಿಗೆ ಎದುರಾಳಿ ತಪ್ಪಿಸಿಕೊಳ್ಳುವುದೇ ಹೆಚ್ಚು. ನಮ್ಮ ಊರಿನ ಹತ್ತು ವರ್ಷದ ಮಕ್ಕಳಿಗೆ ಗೊತ್ತಿರುವ ಈ ಪಾಠ ಅವರ ಹೆಸರಿನಲ್ಲಿ ಕಚೇರಿ ನಡೆಸುವವರಿಗೆ ಯಾಕೆ ಗೊತ್ತಿಲ್ಲ?

ನಾವು ಹೇಳಿದ ಆ ಹುಡುಗ ಈಗ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾನೆ. ಸಂಜೆ ಶಾಲೆಯ ಮೈದಾನದಲ್ಲಿ ಸಣ್ಣ ಮಕ್ಕಳಿಗೆ ಆಟ ಕಲಿಸುತ್ತಾನೆ, ಸಂಬಳವಿಲ್ಲದೆ. ಅವನ ಫೈಲು ಮನೆಯ ಕಪಾಟಿನಲ್ಲಿದೆ. ಆ ಸಣ್ಣ ಮಕ್ಕಳಲ್ಲಿ ಒಬ್ಬನ ಫೈಲಾದರೂ ನಾಳೆ ಉಪಯೋಗಕ್ಕೆ ಬರುವಂತೆ ಮಾಡುವುದು ನಮ್ಮೆಲ್ಲರ ಮೇಲಿರುವ ಋಣ.